ತಂಗಿ ನೇವಿಗೆ ಹೋಗ್ತಾಳಂತೆ

ಕಳೆದ ಸಲ ಬೆಂಗಳೂರಿನಿಂದ ಅಂಕೋಲಾಕ್ಕೆ ಹೋದಾಗ ಮನೆಯಲ್ಲೊಂದು ಪುಟ್ಟ ಯುದ್ಧ ನಡೀತಾ ಇತ್ತು. ಚಿಕ್ಕಪ್ಪನ ಮಗಳು ಪಿಯುಸಿ ಸೈನ್ಸ್ ಮುಗಿಸಿದವಳು, ನೌಕಾಪಡೆಯ ಅಗ್ನಿವೀರ್ ಅರ್ಜಿಯನ್ನು ಮೊಬೈಲಿನಲ್ಲಿ ಅರ್ಧ ತುಂಬಿಸಿ ಕೂತಿದ್ದಳು. ಚಿಕ್ಕಪ್ಪ ಅವಳ ಜೊತೆ ಮಾತು ಬಿಟ್ಟಿದ್ದರು. ಚಿಕ್ಕಮ್ಮ ಇಬ್ಬರಿಗೂ ಬೇರೆ ಬೇರೆ ಹೊತ್ತಿಗೆ ಊಟ ಬಡಿಸ್ತಾ ಇದ್ದರು.

"ನಾಲ್ಕೇ ವರ್ಷದ ನೌಕರಿಗೆ ಹೆಣ್ಣು ಹುಡುಗಿಯನ್ನ ಸಮುದ್ರಕ್ಕೆ ಕಳಿಸೂದಾ? ನೀನೇ ಹೇಳು" ಅಂದರು ಚಿಕ್ಕಪ್ಪ ನನಗೆ.

ತಂಗಿ ಮಾತ್ರ ಒಂದೇ ಪ್ರಶ್ನೆ ಕೇಳಿದಳು: "ಅಕ್ಕಾ, ನೇವಿ ಬೆಳೀತಾ ಉಂಟಾ ಇಲ್ವಾ? ಅದಷ್ಟು ಹೇಳು."

ಕಂಪನಿ ಬದಲಾಯಿಸುವ ಮೊದಲು ನಾವೆಲ್ಲ ಕೇಳೋದೂ ಇದೇ ಅಲ್ವಾ? ಎರಡು ದಿನ ಟೈಮ್ ಕೊಡು ಅಂದೆ. ಸಾಫ್ಟ್‌ವೇರ್ ಟೆಸ್ಟಿಂಗ್ ಮಾಡೋಳು ನಾನು. ಯಾವುದನ್ನೂ ಒಂದೇ ಸಲಕ್ಕೆ ನಂಬಲ್ಲ. ಓದೋಕೆ ಕೂತೆ.

ಅವಳಿಗೆ ಈ ಹುಚ್ಚು ಹತ್ತಿದ್ದು ಹೇಗೆ ಅನ್ನೋದನ್ನು ಮೊದಲು ಹೇಳಬೇಕು. 2024ರ ಜುಲೈ 16ರಂದು ನಮ್ಮ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ 66ರ ಮೇಲೆ ಬಿತ್ತು. ಜನ, ವಾಹನ ಎಲ್ಲ ಗಂಗಾವಳಿ ನದಿ ಪಾಲಾದವು. ಕಾರ್ಯಾಚರಣೆಗೆ ನೌಕಾಪಡೆಯ ಮುಳುಗುಗಾರರೂ ಬಂದಿದ್ದರು. ಮಳೆಗಾಲದ ಕೆಂಪು ನೀರು, ಕೈ ಚಾಚಿದರೆ ಕೈಯೇ ಕಾಣದಂಥ ಸೆಳವು. ದಿನಗಟ್ಟಲೆ ಹುಡುಕಿದರೂ ನದಿ ಬಿಟ್ಟುಕೊಡಲಿಲ್ಲ. ಕೊನೆಗೆ ಒಂದು ಲಾರಿ ಸಿಕ್ಕಿದ್ದು ಸೆಪ್ಟೆಂಬರಿನಲ್ಲಿ, ಡ್ರೆಜ್ಜರ್ ತಂದು ಹೂಳೆತ್ತಿದ ಮೇಲೆ. ತಂಗಿ ಅದನ್ನೆಲ್ಲ ಟೀವಿಯಲ್ಲೂ ನೋಡಿದ್ದಳು, ಆಚೆ ದಡದಲ್ಲಿ ನಿಂತೂ ನೋಡಿದ್ದಳು. "ಅಷ್ಟು ಸೆಳವಿನಲ್ಲೂ ದೋಣಿ ಇಳಿಸಿದರಲ್ಲ ಅಕ್ಕಾ" ಅನ್ನುತ್ತಾಳೆ ಈಗಲೂ.

ಕಡಲತೀರದ ಚಪಲ್

ಮರುದಿನ ಅವಳನ್ನು ಸ್ಕೂಟಿಯಲ್ಲಿ ಕೂರಿಸಿಕೊಂಡು ಕಾರವಾರಕ್ಕೆ ಹೋದೆ. ಟ್ಯಾಗೋರ್ ಕಡಲತೀರದಲ್ಲಿ ಐಎನ್‌ಎಸ್ ಚಪಲ್ ಅನ್ನೋ ಕ್ಷಿಪಣಿ ದೋಣಿ ಮ್ಯೂಸಿಯಂ ಆಗಿ ನಿಂತಿದೆ. ಸೋವಿಯತ್ ರಷ್ಯಾದಲ್ಲಿ ಕಟ್ಟಿದ್ದು, 1976ರಲ್ಲಿ ನಮ್ಮ ನೌಕಾಪಡೆ ಸೇರಿದ್ದು. ಕರಾಚಿಗೆ ಬೆಂಕಿ ಇಟ್ಟಿದ್ದು ಇದೇ ಅಂತ ಬಂದವರಲ್ಲಿ ಕೆಲವರು ಹೇಳ್ತಿರ್ತಾರೆ. ಅಲ್ಲ. 1971ರ ಡಿಸೆಂಬರ್ 4ರ ರಾತ್ರಿ ಕರಾಚಿಯ ಮೇಲೆ ದಾಳಿ ಮಾಡಿದ್ದು ನಿಪಾತ್, ನಿರ್ಘಾತ್, ವೀರ್ ಅನ್ನೋ ಮೂರು ದೋಣಿಗಳು. ಚಪಲ್ ಅವುಗಳ ನಂತರದ ತಲೆಮಾರಿನದು. ಆ ದೋಣಿಗಳು ಎಷ್ಟು ಚಿಕ್ಕವು ಅಂದರೆ, ಅಷ್ಟು ದೂರ ಹೋಗಿಬರುವಷ್ಟು ಇಂಧನ ಹಿಡಿಸುತ್ತಿರಲಿಲ್ಲ. ದೊಡ್ಡ ಹಡಗುಗಳು ಅವನ್ನು ಸ್ವಲ್ಪ ದೂರ ಎಳೆದುಕೊಂಡು ಹೋಗಬೇಕಾಯ್ತು. ಆ ರಾತ್ರಿಯ ನೆನಪಿಗೇ ಡಿಸೆಂಬರ್ 4 ನೌಕಾಪಡೆ ದಿನ.

ಧೈರ್ಯ ನಮ್ಮವರದೇ. ಆದರೆ ದೋಣಿಯೂ ಕ್ಷಿಪಣಿಯೂ ರಷ್ಯಾದವು. ಆಗ ನಮ್ಮಲ್ಲಿದ್ದ ಒಂದೇ ವಿಮಾನವಾಹಕ ನೌಕೆ, ಹಳೇ ವಿಕ್ರಾಂತ್, ಬ್ರಿಟನ್ನಿನಿಂದ ಕೊಂಡಿದ್ದು. ಈ ಲೆಕ್ಕದಲ್ಲೇ ಇವತ್ತಿನದನ್ನು ನೋಡಬೇಕು ಅಂತ ತಂಗಿಗೆ ಹೇಳಿದೆ.

ಕೊಳ್ಳೋದರಿಂದ ಕಟ್ಟೋದಕ್ಕೆ

1972ರಲ್ಲಿ ಮುಂಬೈಯ ಮಜಗಾಂವ್ ಡಾಕ್‌ನಲ್ಲಿ ಕಟ್ಟಿದ ಐಎನ್‌ಎಸ್ ನೀಲಗಿರಿ ಸೇವೆಗೆ ಸೇರಿತು. ಇಲ್ಲಿ ಕಟ್ಟಿದ ಮೊದಲ ದೊಡ್ಡ ಯುದ್ಧನೌಕೆ ಅದು. ವಿನ್ಯಾಸ ಮಾತ್ರ ಬ್ರಿಟಿಷರದ್ದು. 2025ರ ಜನವರಿ 15ರಂದು ಅದೇ ಮುಂಬೈಯಲ್ಲಿ ಮತ್ತೊಂದು ನೀಲಗಿರಿ ಸೇರಿತು. ಹೆಸರು ಹಳೆಯದು, ನಕ್ಷೆ ನಮ್ಮದೇ. ಅದೇ ದಿನ ಸೂರತ್ ಅನ್ನೋ ಡೆಸ್ಟ್ರಾಯರ್, ವಾಗ್‌ಶೀರ್ ಅನ್ನೋ ಜಲಾಂತರ್ಗಾಮಿಯೂ ಸೇರಿದವು. ಆಗಸ್ಟ್ 26ಕ್ಕೆ ವಿಶಾಖಪಟ್ಟಣದಲ್ಲಿ ಉದಯಗಿರಿ, ಹಿಮಗಿರಿ ಸೇರಿದವು. ಒಂದನ್ನು ಕಟ್ಟಿದ್ದು ಮುಂಬೈಯಲ್ಲಿ, ಇನ್ನೊಂದನ್ನು ಕೋಲ್ಕತ್ತದಲ್ಲಿ. ಈಗ 50ಕ್ಕೂ ಹೆಚ್ಚು ಹಡಗುಗಳು ನಮ್ಮ ಡಾಕ್‌ಗಳಲ್ಲೇ ತಯಾರಾಗ್ತಿವೆ.

ಕೊಂಡು ತರೋದರ ಕಷ್ಟ ಏನು ಅಂತ ಕಾರವಾರಕ್ಕೇ ಗೊತ್ತು. ಇಲ್ಲಿಗೆ ಬಂದು ನಿಂತ ವಿಕ್ರಮಾದಿತ್ಯ ರಷ್ಯಾದ ಹಳೇ ಹಡಗು. 2004ರಲ್ಲಿ ಒಪ್ಪಂದ, 2008ಕ್ಕೆ ಕೊಡಬೇಕಿತ್ತು. ಕೊಟ್ಟಿದ್ದು 2013ರ ನವೆಂಬರಿನಲ್ಲಿ. ಸುಮಾರು 97 ಕೋಟಿ ಡಾಲರ್ ಅಂದಿದ್ದ ಬೆಲೆ 235 ಕೋಟಿ ಡಾಲರ್‌ಗೆ ಹೋಗಿ ಮುಟ್ಟಿತು. ಅರ್ಧ ದಾರಿಯಲ್ಲಿ ಬಿಡೋ ಹಾಗಿಲ್ಲ, ಕೇಳಿದಷ್ಟು ಕೊಡದೆ ವಿಧಿಯಿಲ್ಲ.

ಕಟ್ಟೋದೇನು ಸುಲಭವಾ? ಹೊಸ ವಿಕ್ರಾಂತ್‌ಗೆ ಬೇಕಾದ ವಿಶೇಷ ಉಕ್ಕು ಹೊರಗಿನಿಂದ ಸಿಗಲಿಲ್ಲ. ಆಗ ಹೈದರಾಬಾದಿನ ರಕ್ಷಣಾ ಪ್ರಯೋಗಾಲಯ ಮತ್ತು ಸೇಲ್ ಸೇರಿ ಅದನ್ನು ಇಲ್ಲೇ ತಯಾರಿಸಿದವು. 2005ರಲ್ಲಿ ಮೊದಲ ಉಕ್ಕಿನ ಹಾಳೆ ಕತ್ತರಿಸಿದ್ದು, ಹಡಗು ನೌಕಾಪಡೆ ಸೇರಿದ್ದು 2022ರ ಸೆಪ್ಟೆಂಬರ್ 2ರಂದು, ಕೊಚ್ಚಿಯಲ್ಲಿ. ಹದಿನೇಳು ವರ್ಷ! ನನ್ನ ತಂಗಿ ಹುಟ್ಟೋಕೂ ಮೊದಲು ಶುರುವಾದ ಕೆಲಸ ಅವಳು ಹೈಸ್ಕೂಲಿಗೆ ಬಂದಾಗ ಮುಗೀತು. ಆದರೆ ಅಲ್ಲಿ ಹುಟ್ಟಿದ ಉಕ್ಕು ಈಗ ಬೇರೆ ಯುದ್ಧನೌಕೆಗಳಿಗೂ ಹೋಗ್ತಿದೆ. ಆ ಹದಿನೇಳು ವರ್ಷದ ನಿಜವಾದ ಗಳಿಕೆ ಅದು.

ಬೆಂಗಳೂರಿನವರು ಇದು ನಮಗೆ ಸಂಬಂಧ ಇಲ್ಲದ್ದು ಅಂದ್ಕೋಬೇಡಿ. ವಿಕ್ರಾಂತ್‌ನ ಗ್ಯಾಸ್ ಟರ್ಬೈನ್‌ಗಳು ಅಮೆರಿಕದ ವಿನ್ಯಾಸದವು. ಜೋಡಿಸಿದ್ದು ಬೆಂಗಳೂರಿನ ಎಚ್‌ಎಎಲ್. ನೌಕಾಪಡೆಗೆ ಸೋನಾರ್, ರಾಡಾರ್ ಮಾಡಿಕೊಡೋದು ಬಿಇಎಲ್. ಸಂಜೆ ಬಿಇಎಲ್ ಸರ್ಕಲ್ ಟ್ರಾಫಿಕ್‌ನಲ್ಲಿ ಬೈದುಕೊಳ್ತಾ ನಿಲ್ತೀವಲ್ಲ, ಆ ಸರ್ಕಲ್ಲಿಗೆ ಹೆಸರು ಕೊಟ್ಟ ಕಂಪನಿಯ ಯಂತ್ರಗಳು ಸಮುದ್ರದಡಿಯ ಸದ್ದು ಕೇಳಿಸಿಕೊಳ್ತಾ ಇವೆ.

ಸಮುದ್ರ ಯಾಕೆ ಬೇಕು?

"ಗಡಿ ಇರೋದು ಗುಡ್ಡದಲ್ಲಿ. ಹಡಗಿಗೆ ಯಾಕೆ ಇಷ್ಟು ದುಡ್ಡು?" ಇದು ಚಿಕ್ಕಪ್ಪನ ಪ್ರಶ್ನೆ. ಉತ್ತರ ನಮ್ಮ ಮನೆಯೊಳಗೇ ಇದೆ. ತೂಕದ ಲೆಕ್ಕದಲ್ಲಿ ದೇಶದ ವಿದೇಶಿ ವ್ಯಾಪಾರದ ಸುಮಾರು ಶೇ 95ರಷ್ಟು ಸಮುದ್ರದ ಮೇಲೆಯೇ ನಡೆಯುತ್ತೆ. ಸ್ಕೂಟಿಗೆ ಹಾಕೋ ಪೆಟ್ರೋಲಿನ ಕಚ್ಚಾ ತೈಲ ಬರೋದು ಹಡಗಿನಲ್ಲಿ. ನೀವು ಈ ಲೇಖನ ಓದ್ತಿರೋ ಇಂಟರ್‌ನೆಟ್ಟಿನ ಕೇಬಲ್‌ಗಳು ಸಮುದ್ರದ ತಳದಲ್ಲಿ ಬಂದು ಮುಂಬೈ, ಚೆನ್ನೈ ದಡ ಹತ್ತುತ್ತವೆ.

2024ರ ಮಾರ್ಚ್‌ನಲ್ಲಿ ಸೊಮಾಲಿ ಕಡಲ್ಗಳ್ಳರ ಕೈಯಲ್ಲಿದ್ದ ರುಯೆನ್ ಅನ್ನೋ ಸರಕು ಹಡಗನ್ನು ನಮ್ಮ ಐಎನ್‌ಎಸ್ ಕೋಲ್ಕತ್ತ ಅಡ್ಡಗಟ್ಟಿತು. ಭಾರತದ ತೀರದಿಂದ ಸುಮಾರು 2,600 ಕಿಲೋಮೀಟರ್ ದೂರದಲ್ಲಿ. ವಾಯುಪಡೆಯ ವಿಮಾನದಿಂದ ಮಾರ್ಕೋಸ್ ಕಮಾಂಡೊಗಳು ಸಮುದ್ರಕ್ಕೆ ಧುಮುಕಿದರು. ನಲವತ್ತು ಗಂಟೆಯ ಕಾರ್ಯಾಚರಣೆ. 35 ಕಳ್ಳರು ಶರಣಾದರು, 17 ಸಿಬ್ಬಂದಿ ಬದುಕಿ ಬಂದರು. 1971ರಲ್ಲಿ ಕರಾಚಿಗೆ ಹೋಗೋಕೆ ದೋಣಿ ಎಳೆಸಿಕೊಂಡ ಪಡೆ ಈಗ ಎಲ್ಲಿಯವರೆಗೆ ಕೈ ಚಾಚ್ತಿದೆ ನೋಡಿ.

ಹೊಗಳಿಕೆ ಸಾಕು, ಬಗ್ ರಿಪೋರ್ಟ್ ಏನು?

ಟೆಸ್ಟಿಂಗ್‌ನವಳ ಬುದ್ಧಿ ಬಿಡಲ್ಲ. ತಂಗಿಗೆ ಕೊರತೆಗಳನ್ನೂ ಹೇಳಿದೆ.

ಮೊದಲನೆಯದು ಜಲಾಂತರ್ಗಾಮಿ. 1999ರಲ್ಲಿ ಸರ್ಕಾರ ಒಪ್ಪಿದ 30 ವರ್ಷದ ಯೋಜನೆಯ ಪ್ರಕಾರ 24 ಜಲಾಂತರ್ಗಾಮಿ ಕಟ್ಟಬೇಕಿತ್ತು. ಆ ಯೋಜನೆಯಿಂದ ನೀರಿಗಿಳಿದಿದ್ದು ಕಲ್ವರಿ ವರ್ಗದ 6 ಮಾತ್ರ. ಮುಂದಿನ ಆರರ ಮಾತು ಹದಿನೈದು ವರ್ಷಕ್ಕೂ ಹೆಚ್ಚು ಕಾಲ ಕಡತದಲ್ಲೇ ಓಡಾಡಿತು. ಅಣುಶಕ್ತಿಯ ಅರಿಹಂತ್, ಅರಿಘಾತ್ ಬಂದಿದ್ದು ದೊಡ್ಡ ಸಾಧನೆ ನಿಜ. ಆದರೆ ಅವುಗಳ ಕೆಲಸ ಅಣ್ವಸ್ತ್ರ ಕ್ಷಿಪಣಿ ಹೊತ್ತು ಅಡಗಿರೋದು. ಶತ್ರು ಹಡಗಿನ ಬೆನ್ನು ಹತ್ತೋದಲ್ಲ.

ಎರಡನೆಯದು ಚೀನಾ. ಅಮೆರಿಕದ ರಕ್ಷಣಾ ಇಲಾಖೆಯ ಲೆಕ್ಕದಲ್ಲಿ ಚೀನಾದ ಹತ್ತಿರ 370ಕ್ಕೂ ಹೆಚ್ಚು ಹಡಗು, ಜಲಾಂತರ್ಗಾಮಿಗಳಿವೆ. 2025ರ ನವೆಂಬರಿನಲ್ಲಿ ಅವರ ಮೂರನೇ ವಿಮಾನವಾಹಕ ನೌಕೆ ಫುಜಿಯಾನ್ ಸೇರಿತು. ನಮ್ಮಲ್ಲಿರೋದು ಎರಡು. ನಮ್ಮ ಗುರಿ 2035ಕ್ಕೆ ಸುಮಾರು 175 ಹಡಗು. ಸಂಖ್ಯೆಯಲ್ಲಿ ನಾವು ಅವರನ್ನು ಹಿಡಿಯಲ್ಲ, ಹಿಡಿಯಬೇಕಾಗಿಯೂ ಇಲ್ಲ. ಅವರು ಮಲಕ್ಕಾ ಜಲಸಂಧಿ ದಾಟಿ ನಮ್ಮ ಅಂಗಳಕ್ಕೆ ಬರಬೇಕು. ನಮಗೆ ಅಂಡಮಾನ್ ಆ ಬಾಗಿಲಲ್ಲೇ ಇದೆ. ಆದರೆ ಅಂಗಳ ನಮ್ಮದು ಅಂತ ಮಲಗೋಕಾಗಲ್ಲ. 2017ರಿಂದ ಅವರಿಗೆ ಜಿಬೂಟಿಯಲ್ಲಿ ನೆಲೆ ಇದೆ.

ಮೂರನೆಯದು ಎಂಜಿನ್. ಹಡಗಿನ ಒಡಲು ನಮ್ಮದು, ಹೃದಯ ಬಹಳಷ್ಟು ಸಲ ಇನ್ನೂ ಹೊರಗಿನದು. ವಿಕ್ರಾಂತ್ ಮೇಲೆ ಹಾರೋ ಮಿಗ್-29ಕೆ ರಷ್ಯಾದ್ದು. 2025ರ ಏಪ್ರಿಲ್‌ನಲ್ಲಿ ಒಪ್ಪಂದವಾದ 26 ರಫೇಲ್ ಫ್ರಾನ್ಸಿನವು.

ಗೋಡೆಯ ಆಚೆ, ಗೋಡೆಯ ಈಚೆ

ವಾಪಸ್ ಬರುವಾಗ ಬಿಣಗಾ, ಅರ್ಗಾ ದಾಟಬೇಕು. ಹೆದ್ದಾರಿಯ ಪಕ್ಕ ಉದ್ದಕ್ಕೂ ನೌಕಾನೆಲೆಯ ಕಾಂಪೌಂಡು. 1986ರಲ್ಲಿ ರಾಜೀವ್ ಗಾಂಧಿ ಸೀಬರ್ಡ್ ಯೋಜನೆಗೆ ಇಲ್ಲಿ ಅಡಿಗಲ್ಲು ಹಾಕಿದರು. ಬನವಾಸಿಯ ಕದಂಬರ ಹೆಸರಿನ ಐಎನ್‌ಎಸ್ ಕದಂಬ ಕಾರ್ಯಾರಂಭ ಮಾಡಿದ್ದು 2005ರಲ್ಲಿ. ಎರಡನೇ ಹಂತದ ಈಗಿನ ಕೆಲಸ ಮುಗಿದರೆ 32 ಹಡಗು, ಜಲಾಂತರ್ಗಾಮಿಗಳಿಗೆ ಇಲ್ಲಿ ಜಾಗ. ಮುಂಬೈ ಬಂದರಿನ ದಟ್ಟಣೆಯಿಂದ ದೂರ, ಹಿಂದೆ ಸಹ್ಯಾದ್ರಿಯ ಮರೆ, ಮುಂದೆ ಆಳ ಸಮುದ್ರ. ಪಶ್ಚಿಮ ತೀರದಲ್ಲಿ ಇಂಥ ಜಾಗ ಇನ್ನೊಂದು ಹುಡುಕೋದು ಕಷ್ಟ.

ಆದರೆ ಆ ಜಾಗ ಖಾಲಿ ಇರಲಿಲ್ಲ. 11 ಸಾವಿರ ಎಕರೆಗೂ ಹೆಚ್ಚು ನೆಲ, 13 ಹಳ್ಳಿ, 4 ಸಾವಿರಕ್ಕೂ ಹೆಚ್ಚು ಕುಟುಂಬ. ಗದ್ದೆ, ತೆಂಗು, ದೇವರ ಬನ, ದೋಣಿ ಎಳೆಯೋ ದಂಡೆ ಎಲ್ಲ ಹೋಯ್ತು. ಪುನರ್ವಸತಿ ಕಾಲೊನಿಗಳಲ್ಲಿ ಈಗ ಮೊಮ್ಮಕ್ಕಳ ಕಾಲ. ಹೆಚ್ಚಿನ ಪರಿಹಾರಕ್ಕಾಗಿ ಸುಪ್ರೀಂ ಕೋರ್ಟಿನವರೆಗೆ ದಶಕಗಟ್ಟಲೆ ಅಲೆದರು. ನಮ್ಮ ಮನೆ ಹೋಗಲಿಲ್ಲ. ಹಾಗಂತ ಹೋದವರ ಲೆಕ್ಕ ಬಿಟ್ಟು ಹಡಗಿನ ಲೆಕ್ಕ ಮಾತ್ರ ಹೇಳಿದರೆ ಅದು ಅರ್ಧ ಲೆಕ್ಕ. ಈ ಪಡೆ ಬೆಳೆದಿದ್ದು ಉಕ್ಕಿನ ಮೇಲೆ ಮಾತ್ರ ಅಲ್ಲ. ಯಾರದ್ದೋ ಗದ್ದೆಯ ಮೇಲೂ ಹೌದು. ಹಾಗಿರುವಾಗ ಇಲ್ಲಿನ ಮಕ್ಕಳು ಗೋಡೆಯ ಈಚೆ ನಿಂತು ನೋಡೋರಾಗಿ ಮಾತ್ರ ಉಳಿಯಬಾರದು ಅಂತ ನನಗನ್ನಿಸಿತು. ತಂಗಿಯ ಅರ್ಜಿಯ ಬಗ್ಗೆ ನನ್ನ ಮನಸ್ಸು ತಿರುಗಿದ್ದು ಅಲ್ಲೇ.

ಚಿಕ್ಕಪ್ಪನಿಗೆ ಹೇಳಿದ್ದು

ರಾತ್ರಿ ಜಗುಲಿಯಲ್ಲಿ ಕೂತು ಲೆಕ್ಕ ಒಪ್ಪಿಸಿದೆ. ನೌಕಾಪಡೆ ಬೆಳೀತಿದೆ, ಅನುಮಾನ ಇಲ್ಲ. ಆದರೆ ಪಡೆಯ ಭವಿಷ್ಯ ಬೇರೆ, ಅಗ್ನಿವೀರಳ ಭವಿಷ್ಯ ಬೇರೆ. ಮೊದಲ ವರ್ಷ ತಿಂಗಳಿಗೆ 30 ಸಾವಿರ, ನಾಲ್ಕನೇ ವರ್ಷ 40 ಸಾವಿರ. ಅದರಲ್ಲಿ ಒಂದು ಭಾಗ ನಿಧಿಗೆ ಹೋಗಿ, ಸರ್ಕಾರದ ಪಾಲೂ ಸೇರಿ, ಕೊನೆಗೆ ಹತ್ತು ಲಕ್ಷದ ಮೇಲೆ ಕೈಗೆ ಬರುತ್ತೆ. ನೂರರಲ್ಲಿ 25 ಮಂದಿಯನ್ನಷ್ಟೇ ಮುಂದುವರಿಸ್ತಾರೆ. ಉಳಿದ 75ರಲ್ಲಿ ಇವಳೂ ಒಬ್ಬಳಾಗಬಹುದು.

ಇನ್ನೊಂದು ಮಾತನ್ನೂ ಹೇಳಿದೆ. ಹೆಣ್ಣುಮಕ್ಕಳನ್ನು ನಾವಿಕರಾಗಿ ತೆಗೆದುಕೊಳ್ಳೋಕೆ ಶುರುಮಾಡಿದ್ದೇ 2022ರಲ್ಲಿ ಬಂದ ಈ ಅಗ್ನಿವೀರ್ ಯೋಜನೆಯಿಂದ. ಇಬ್ಬರು ಮಹಿಳಾ ಅಧಿಕಾರಿಗಳು ಗೋವಾದಿಂದ ತಾರಿಣಿ ಅನ್ನೋ ಹಾಯಿದೋಣಿಯಲ್ಲಿ 2024ರ ಅಕ್ಟೋಬರಿನಲ್ಲಿ ಹೊರಟು, ಇಡೀ ಭೂಮಿ ಸುತ್ತಿ ಮುಂದಿನ ಮೇನಲ್ಲಿ ವಾಪಸ್ ಬಂದರು. ಗೋವಾ ಅಂದರೆ ನಮಗೆ ಪಕ್ಕದ ಊರು.

ಹಡಗಿಗೆ ಹದಿನೇಳು ವರ್ಷ ಕಾದ ದೇಶ, ಅದನ್ನು ನಡೆಸೋ ಹುಡುಗ ಹುಡುಗಿಯರು ನಾಲ್ಕೇ ವರ್ಷದಲ್ಲಿ ಪಳಗಬೇಕು ಅಂತ ಬಯಸಬಹುದಾ? ಸೋನಾರ್ ಮುಂದೆ ಕೂತು ಮೀನಿನ ಹಿಂಡಿನ ಸದ್ದು ಯಾವುದು, ಎಂಜಿನ್ನಿನ ಸದ್ದು ಯಾವುದು ಅಂತ ಬೇರೆ ಮಾಡೋ ಕಿವಿ ವರ್ಷಗಟ್ಟಲೆ ಕೂತೇ ಬರಬೇಕು. ನೌಕಾಪಡೆಯ ನಾಳೆ ಹಡಗಿನ ಸಂಖ್ಯೆಗಿಂತ ಹೆಚ್ಚಾಗಿ ಈ ಪ್ರಶ್ನೆಯ ಮೇಲೆ ನಿಂತಿದೆ ಅನ್ನೋದು ನನ್ನ ಅಭಿಪ್ರಾಯ.

"ಹಾಗಾರೆ ಬೇಡ ಅಂತೀಯಾ?" ಚಿಕ್ಕಪ್ಪ ಕೇಳಿದರು.

"ಇಲ್ಲ. ಡಿಗ್ರಿಯನ್ನ ದೂರಶಿಕ್ಷಣದಲ್ಲಿ ಮುಂದುವರಿಸ್ತೇನೆ ಅಂತ ಅವಳು ಒಪ್ಪಿಕೊಂಡರೆ ಹೋಗಲಿ. ಕಣ್ಣು ಬಿಟ್ಕೊಂಡು ಹೋಗಲಿ."

ತುಂಬಾ ಹೊತ್ತು ಅವರು ಮಾತಾಡಲಿಲ್ಲ. ಆಮೇಲೆ ಮೂರು ದಿನದಲ್ಲಿ ಮೊದಲ ಸಲ ಮಗಳ ಕಡೆ ತಿರುಗಿ ಕೇಳಿದರು: "ಈಜು ಬರ್ತದಾ ನಿಂಗೆ?"

ಸಮುದ್ರದ ಬದಿಯಲ್ಲೇ ಹುಟ್ಟಿದ ಹುಡುಗಿ ತಲೆ ತಗ್ಗಿಸಿದಳು. "ಇಲ್ಲ ಅಪ್ಪಾ. ಅಲ್ಲೇ ಕಲಿಸ್ತಾರಂತೆ."

"ಅಲ್ಲಿ ಕಲಿಸೂದು ಆಮೇಲಿನ ಮಾತು. ಇಲ್ಲಿಂದ ಹೋದವಳು ನೀರಿಗೆ ಹೆದರ್ತಾಳೆ ಅಂದ್ರೆ ನಮ್ಮ ಊರಿಗೇ ಮರ್ಯಾದೆ ಅಲ್ಲ."

ನಾನು ರೈಲು ಹತ್ತುವ ದಿನ ಬೆಳಿಗ್ಗೆ ಆರು ಗಂಟೆಗೆ ಎದ್ದರೆ ಅಪ್ಪ ಮಗಳು ಮನೆಯಲ್ಲಿರಲಿಲ್ಲ. ಕೆರೆಗೆ ಹೋಗಿದ್ದಾರೆ ಅಂದರು ಚಿಕ್ಕಮ್ಮ. ಸೊಂಟಕ್ಕೆ ಕಟ್ಟೋಕೆ ಎರಡು ಒಣ ತೆಂಗಿನಕಾಯಿಯನ್ನೂ ತಗೊಂಡು ಹೋಗಿದ್ದರಂತೆ.