ಕುಡಿತಕ್ಕೆ ಪ್ರೇಮದ ಬಣ್ಣ

‘ಲೀವಿಂಗ್ ಲಾಸ್ ವೇಗಾಸ್’ (1995) ಚಿತ್ರದ ನಟನೆಗೆ ನಿಕೊಲಸ್ ಕೇಜ್ ಆಸ್ಕರ್ ಪಡೆದರು. ನಟನೆ ಚೆನ್ನ, ಚಿತ್ರ ಮಾತ್ರ ನನಗೆ ಹಿಡಿಸಲಿಲ್ಲ. ಕುಡಿದೇ ಸಾಯಲು ಹೊರಟವನು ಬೆನ್. ‘ಕುಡಿಯಬೇಡ ಎನ್ನಕೂಡದು’ ಎಂಬ ಅವನ ಷರತ್ತಿಗೆ ಪ್ರೇಯಸಿ ಸೆರಾ ಒಪ್ಪುತ್ತಾಳೆ. ಸಾಲದ್ದಕ್ಕೆ ಮದ್ಯ ತುಂಬಿಕೊಳ್ಳಲು ಪುಟ್ಟ ಸೀಸೆಯ ಉಡುಗೊರೆ ಬೇರೆ! ಇದೇ ಪ್ರೇಮವಂತೆ.

ಬ್ಯಾಂಕಿನಲ್ಲಿ ಕೈನಡುಕದಿಂದ ಬೆನ್‌ಗೆ ಸಹಿ ಹಾಕಲಾಗುವುದಿಲ್ಲ. ವಿಪರೀತ ಕುಡಿಯುವವರಲ್ಲಿ ಮದ್ಯದ ಅಮಲಿಳಿದಾಗ ಕಾಣುವ ಲಕ್ಷಣವಿದು. ಇಂಥವರು ಮನೆಯಲ್ಲೇ ಒಮ್ಮೆಲೇ ಕುಡಿತ ಬಿಟ್ಟರೆ ಫಿಟ್ಸ್, ಸನ್ನಿ ಬಂದು ಪ್ರಾಣಕ್ಕೇ ಅಪಾಯವಾದೀತು. ಆಸ್ಪತ್ರೆಯಲ್ಲಿ ಔಷಧಿ, ಬಿ1 ಜೀವಸತ್ವ ಕೊಟ್ಟು ಬಿಡಿಸಿದರೆ ನಡುಕ ಸಾಮಾನ್ಯವಾಗಿ ವಾರದೊಳಗೆ ತಗ್ಗುತ್ತದೆ. ಸೆರಾ ‘ಡಾಕ್ಟರ ಬಳಿ ಹೋಗು’ ಎನ್ನುವುದು ತೀರಾ ತಡವಾಗಿ. ಅವನು ಮನೆ ಬಿಡುವ ಮಾತಾಡುತ್ತಾನೆ.