ಡೆಲಿವರಿ ಹುಡುಗರ ಐಡಿ ಬ್ಲಾಕ್ ಆದರೆ ಯಾರನ್ನು ಕೇಳೋದು?

ಮೈಸೂರಿನ ವಿಜಯನಗರ. ಯೋಗಾನರಸಿಂಹಸ್ವಾಮಿ ದೇವಸ್ಥಾನದ ಕಡೆಯಿಂದ ನಾಲ್ಕನೇ ಹಂತದವರೆಗೂ ರಾತ್ರಿ ಹೊತ್ತು ಬೈಕಿನಲ್ಲಿ ಊಟ ತಲುಪಿಸುವ ಹುಡುಗರು ಓಡಾಡುತ್ತಲೇ ಇರುತ್ತಾರೆ. ಇವರಲ್ಲಿ ಒಬ್ಬರ ಐಡಿ ನಾಳೆ ಬೆಳಿಗ್ಗೆ ಬ್ಲಾಕ್ ಆದರೆ? ಕೇಳೋಣ ಅಂದರೆ ಎದುರಿಗಿರುವುದು ಒಂದು ಆ್ಯಪ್.

ಕಂಪನಿಗಳು ಹೇಳುವುದಿಷ್ಟು: ಇವರು ನೌಕರರಲ್ಲ, ಪಾಲುದಾರರು. ಹಾಗಾಗಿ ಪಿಎಫ್ ಇಲ್ಲ, ಇಎಸ್‌ಐ ಇಲ್ಲ. ದರ, ಕೆಲಸ, ರೇಟಿಂಗ್ ಎಲ್ಲ ಕಂಪನಿಯದೇ ತೀರ್ಮಾನ ಆಗಿರುವಾಗ ಈ ಮಾತನ್ನು ಒಪ್ಪುವುದು ಕಷ್ಟ.

ಹೀಗೆ ಆ್ಯಪ್ ಮೂಲಕ ದುಡಿಯುವ ಗಿಗ್ ಕಾರ್ಮಿಕರಿಗಾಗಿ 2025ರಲ್ಲಿ ಕರ್ನಾಟಕ ಕಾಯ್ದೆ ತಂದಿತು. ಮೊದಲು ಮೇ ತಿಂಗಳಲ್ಲಿ ಸುಗ್ರೀವಾಜ್ಞೆ, ಆಮೇಲೆ ಕಾಯ್ದೆ. ರಾಜಸ್ಥಾನ 2023ರಲ್ಲೇ ಈ ದಾರಿ ಹಿಡಿದಿತ್ತು. ನಮ್ಮ ಕಾಯ್ದೆಯ ಪ್ರಕಾರ, ಕೆಲಸದಿಂದ ತೆಗೆಯಬೇಕಾದರೆ ಸಾಮಾನ್ಯವಾಗಿ 14 ದಿನ ಮೊದಲೇ ಕಾರಣ ಬರೆದು ನೋಟಿಸ್ ಕೊಡಬೇಕು. ಕೆಲಸ ಹಂಚುವ, ರೇಟಿಂಗ್ ಕೊಡುವ ಕಂಪ್ಯೂಟರ್ ವ್ಯವಸ್ಥೆ ಹೇಗೆ ತೀರ್ಮಾನಿಸುತ್ತದೆ ಎಂದು ಕೇಳುವ ಹಕ್ಕೂ ಇದೆ. ನನ್ನ ಪ್ರಕಾರ ಇಡೀ ಕಾಯ್ದೆಯ ಜೀವ ಇರುವುದೇ ಇಲ್ಲಿ. ಯಾವ ಲೆಕ್ಕದಲ್ಲಿ ತನಗೆ ಕೆಲಸ ಕಡಿಮೆಯಾಯಿತು ಅಂತ ಗೊತ್ತಿಲ್ಲದವರು ನ್ಯಾಯ ಕೇಳುವುದಾದರೂ ಹೇಗೆ?

ಇನ್ನು ಹಣದ ಮಾತು. ಪ್ರತಿ ಡೆಲಿವರಿಗೆ ಕಾರ್ಮಿಕರಿಗೆ ಕೊಡುವ ಮೊತ್ತದ ಶೇ 1ರಿಂದ 5ರವರೆಗೆ ಕಲ್ಯಾಣ ಶುಲ್ಕವನ್ನು ಕಂಪನಿ ಕಟ್ಟಬೇಕು. ಇದರಿಂದ ಊಟದ ಬೆಲೆ ಏರುತ್ತದೆ ಅನ್ನುವವರಿದ್ದಾರೆ. ಲೆಕ್ಕ ಹಾಕಿ ನೋಡಿ: ಹುಡುಗನಿಗೆ 60 ರೂಪಾಯಿ ಸಿಕ್ಕರೆ, ಹೆಚ್ಚೆಂದರೆ 3 ರೂಪಾಯಿ. ಅಪಘಾತಕ್ಕೀಡಾದವರ ಮನೆಗೆ ಆಸರೆಯಾಗಲು ಅಷ್ಟು ಕೊಡುವುದು ನ್ಯಾಯವೇ.

ಡೆಲಿವರಿ ಕೆಲಸದಲ್ಲಿರುವ ಅಣ್ಣತಮ್ಮಂದಿರೇ, ಅಕ್ಕತಂಗಿಯರೇ, ನಿಮ್ಮ ಒಪ್ಪಂದಪತ್ರವನ್ನು ಕನ್ನಡದಲ್ಲೇ ಕೇಳಿ ಪಡೆಯಿರಿ. ಅದಕ್ಕೂ ಕಾಯ್ದೆಯಲ್ಲಿ ಅವಕಾಶವಿದೆ.