ರೆಪ್ಪೆಯ ಸರ್ಜರಿ ಕ್ಲಿನಿಕ್‌ನಲ್ಲೇ ಆದೀತೇ?

ಪ್ರಶ್ನೆ: ಜೋತುಬಿದ್ದ ಮೇಲ್ರೆಪ್ಪೆಯನ್ನು ಕ್ಲಿನಿಕ್‌ನಲ್ಲೇ ಸರಿಮಾಡಿ ಸಂಜೆಗೆ ಮನೆಗೆ ಕಳಿಸುತ್ತೇವೆ ಎನ್ನುತ್ತಾರೆ. ನಂಬಬಹುದೇ?

ಉತ್ತರ: ಆರೋಗ್ಯವಂತರಿಗೆ ಆ ಜಾಗವನ್ನಷ್ಟೇ ಮರಗಟ್ಟಿಸಿ ಮಾಡುವುದಾದರೆ, ನಂಬಬಹುದು. ಮಂಪರು ಬರಿಸುತ್ತಾರೆಂದರೆ ಲೆಕ್ಕ ಬದಲಾಗುತ್ತದೆ. ಆಗ ಉಸಿರಾಟದ ಮೇಲೆ ಕಣ್ಣಿಡಲು ಅರಿವಳಿಕೆ ತಜ್ಞರು ಬೇಕು. ಮುಖದ ಬಳಿ ಆಮ್ಲಜನಕ ಹರಿಯುವಾಗ, ರಕ್ತ ನಿಲ್ಲಿಸಲು ಸುಡುವ ಉಪಕರಣದ ಕಿಡಿಯಿಂದ ಬೆಂಕಿಯೂ ಹೊತ್ತಿಕೊಳ್ಳಬಹುದು. ಇದನ್ನು ಜಾಹೀರಾತಿನಲ್ಲಿ ಯಾರೂ ಹೇಳುವುದಿಲ್ಲ ಬಿಡಿ. ಮರಗಟ್ಟಿಸಲು ಚುಚ್ಚುವ ಲಿಡೊಕೇನ್ ಮದ್ದು ಮಿತಿಮೀರಿದರೆ ಫಿಟ್ಸ್ ಬರಬಹುದು, ಹೃದಯದ ಲಯ ತಪ್ಪಬಹುದು. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಮುಂಚೆಯೇ ತಿಳಿಸಿ, ನೀವಾಗಿಯೇ ನಿಲ್ಲಿಸಬೇಡಿ. ಕರ್ನಾಟಕದಲ್ಲಿ ಖಾಸಗಿ ಕ್ಲಿನಿಕ್‌ಗೆ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಡಿ (ಕೆಪಿಎಂಇ) ನೋಂದಣಿ ಕಡ್ಡಾಯ. ಪ್ರಮಾಣಪತ್ರ ಕೇಳಿ ನೋಡಿ. ಮನೆಗೆ ಬಂದಮೇಲೆ ಕಣ್ಣು ವಿಪರೀತ ನೋವಾಗಿ ದೃಷ್ಟಿ ಮಂಜಾದರೆ ಬೆಳಗಿನವರೆಗೆ ಕಾಯದೆ ತಕ್ಷಣ ಆಸ್ಪತ್ರೆಗೆ ಹೋಗಿ.